ಬಗೆಬಗೆಯ ಕಾಯಕದ ಗುರುಗಳು: ಅಂತರ್‌ಶಿಸ್ತೀಯ ಡಿಜಿಟಲ್ ಶಿಕ್ಷಣದಲ್ಲಿ ಬೋಧಕರ ಹಿನ್ನೆಲೆ



ಈಚಿನ ವರ್ಷಗಳಲ್ಲಿ ಶ್ರೀಮಠದ ಕಾರ್ಯಾಲಯಕ್ಕೆ ಬರುವ ಭಕ್ತರು ತಮ್ಮ ಮಕ್ಕಳ ಉನ್ನತ ಶಿಕ್ಷಣದ ಬಗ್ಗೆ ಕೇಳುವ ಪ್ರಶ್ನೆಗಳು ಬದಲಾಗಿವೆ. ವೈದ್ಯಕೀಯವೋ ಇಂಜಿನಿಯರಿಂಗೋ ಎಂಬ ಹಳೆಯ ಪ್ರಶ್ನೆಯ ಜೊತೆಗೆ ‘ಡಿಜಿಟಲ್ ಇನ್ನೋವೇಷನ್’, ‘ಮೀಡಿಯಾ ಟೆಕ್ನಾಲಜಿ’, ‘ಡಿಜಿಟಲ್ ಸೊಸೈಟಿ’ ಮೊದಲಾದ ಹೊಸ ಹೆಸರಿನ ಸ್ನಾತಕೋತ್ತರ ಪದವಿಗಳ ವಿಚಾರವೂ ಬರುತ್ತಿದೆ. ಇಂತಹ ಪದವಿಗಳ ಬೋಧಕರ ಪಟ್ಟಿಯನ್ನು ನೋಡಿದ ತಂದೆತಾಯಿಗಳು ಗೊಂದಲಕ್ಕೆ ಒಳಗಾಗುವುದು ಸಹಜ. ಅಲ್ಲಿ ಒಬ್ಬರು ಸಂಗೀತ ರಚನಕಾರರು, ಇನ್ನೊಬ್ಬರು ಪುಸ್ತಕ ವಿನ್ಯಾಸಕರು, ಮತ್ತೊಬ್ಬರು ಹಿಂದೆ ಪತ್ರಕರ್ತರಾಗಿದ್ದವರು. ಕಂಪ್ಯೂಟರ್ ಕಲಿಸುವ ಕಡೆ ಸಂಗೀತಗಾರರಿಗೆ ಏನು ಕೆಲಸ? ಇದಕ್ಕಾಗಿ ಹೊಲದ ಮೇಲೆ ಸಾಲ ಮಾಡುವುದು ವಿವೇಕವೇ? ಈ ಪ್ರಶ್ನೆಗಳಿಗೆ ನಾವು ತಿಳಿದಮಟ್ಟಿಗೆ ಉತ್ತರ ನೀಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಎರಡು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಒಂದೇ ಕಾಲೇಜಿನಲ್ಲಿ ಗಣಿತ, ಸಂಗೀತ, ಸಮಾಜಶಾಸ್ತ್ರಗಳನ್ನು ಬೇರೆಬೇರೆ ಕೊಠಡಿಗಳಲ್ಲಿ ಬೇರೆಬೇರೆ ಗುರುಗಳು ಬೋಧಿಸಿದರೆ ಅದು ಬಹುಶಿಸ್ತೀಯ ಶಿಕ್ಷಣ. ಆ ಗುರುಗಳೆಲ್ಲರೂ ಒಂದು ಸಮಸ್ಯೆಯ ಸುತ್ತ ಒಟ್ಟಿಗೆ ಕುಳಿತು, ತಮ್ಮ ತಮ್ಮ ವಿದ್ಯೆಯಿಂದ ಅದನ್ನು ಬಿಡಿಸಲು ವಿದ್ಯಾರ್ಥಿಗಳೊಡನೆ ಶ್ರಮಿಸಿದರೆ ಅದು ಅಂತರ್‌ಶಿಸ್ತೀಯ ಶಿಕ್ಷಣ. ಕಾಲು ಕಳೆದುಕೊಂಡ ಮನುಷ್ಯನಿಗೆ ಕೃತಕ ಕಾಲನ್ನು ರೂಪಿಸುವ ಕೆಲಸವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದಕ್ಕೆ ಯಂತ್ರಶಾಸ್ತ್ರ ಬೇಕು, ಸ್ನಾಯು ಮತ್ತು ನರಗಳ ಜ್ಞಾನ ಬೇಕು, ಗಣಕಯಂತ್ರದ ಜ್ಞಾನ ಬೇಕು. ಇವೆಲ್ಲಕ್ಕೂ ಮಿಗಿಲಾಗಿ ಅದನ್ನು ಧರಿಸಿ ನಡೆಯುವವನ ಅನುಭವ ಬೇಕು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಕಾಲು ನಡೆಯಲಾರದು.

ಇಂತಹ ಶಿಕ್ಷಣದ ಬಹು ಪ್ರಸಿದ್ಧ ನಿದರ್ಶನ ಅಮೆರಿಕದ ಕೇಂಬ್ರಿಡ್ಜ್ ನಗರದಲ್ಲಿರುವ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ, ಅಂದರೆ ಎಂಐಟಿಯ, ಮೀಡಿಯಾ ಲ್ಯಾಬ್. ಅಲ್ಲಿ ‘ಮೀಡಿಯಾ ಆರ್ಟ್ಸ್ ಅಂಡ್ ಸೈನ್ಸಸ್’ ಎಂಬ ವಿಷಯದಲ್ಲಿ ಸ್ನಾತಕೋತ್ತರ ಹಾಗೂ ಡಾಕ್ಟರೇಟ್ ಪದವಿಗಳನ್ನು ನೀಡಲಾಗುತ್ತದೆ. ಅದು ಎಂಐಟಿಯ ಕಂಪ್ಯೂಟರ್ ವಿಭಾಗಕ್ಕೆ ಸೇರದೆ ವಾಸ್ತುಶಿಲ್ಪ ಮತ್ತು ಯೋಜನಾ ನಿಕಾಯಕ್ಕೆ ಸೇರಿದೆ ಎಂಬುದು ಗಮನಾರ್ಹ. ಇದಕ್ಕೆ ಕಾರಣ ಸ್ಥಾಪಕರ ಹಿನ್ನೆಲೆಯಲ್ಲಿದೆ.

1985ರಲ್ಲಿ ಈ ಸಂಸ್ಥೆಯನ್ನು ಕಟ್ಟಿದವರು ನಿಕೊಲಸ್ ನೆಗ್ರೊಪಾಂಟೆ ಮತ್ತು ಜೆರೋಮ್ ವೀಸ್ನರ್. ನೆಗ್ರೊಪಾಂಟೆ ಓದಿದ್ದು ವಾಸ್ತುಶಿಲ್ಪ. ಮನೆಯ ನಕ್ಷೆ ಬರೆಯುವ ಕೆಲಸದಲ್ಲಿ ಯಂತ್ರವು ಮನುಷ್ಯನಿಗೆ ಹೇಗೆ ಜೊತೆಗಾರನಾಗಬಹುದು ಎಂಬ ಆಲೋಚನೆಯಿಂದ 1967ರಲ್ಲಿ ಅವರು ‘ಆರ್ಕಿಟೆಕ್ಚರ್ ಮೆಷಿನ್ ಗ್ರೂಪ್’ ಎಂಬ ತಂಡವನ್ನು ಆರಂಭಿಸಿದ್ದರು. ಮೀಡಿಯಾ ಲ್ಯಾಬ್ ಬೆಳೆದದ್ದು ಆ ಬೇರಿನಿಂದ. ವೀಸ್ನರ್ ವಿದ್ಯುತ್ ಇಂಜಿನಿಯರ್. ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹೆಗಾರರಾಗಿದ್ದವರು, ಎಂಐಟಿಯ ಅಧ್ಯಕ್ಷರಾಗಿದ್ದವರು. ತಾರುಣ್ಯದಲ್ಲಿ ಅವರು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಧ್ವನಿಮುದ್ರಣ ವಿಭಾಗದ ಇಂಜಿನಿಯರಾಗಿ, ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಅವರೊಡನೆ ಹಳ್ಳಿಗಾಡಿನ ಹಾಡುಗಳನ್ನು ಮುದ್ರಿಸಿಕೊಂಡವರು. ಯಂತ್ರ ಮತ್ತು ಹಾಡು ಎರಡನ್ನೂ ಬಲ್ಲ ಇಂತಹವರು ಕಟ್ಟಿದ ಸಂಸ್ಥೆಯಲ್ಲಿ ಸಂಗೀತಗಾರರಿಗೆ ಮೊದಲ ದಿನದಿಂದಲೇ ಪೀಠ ದೊರೆತುದರಲ್ಲಿ ಆಶ್ಚರ್ಯವಿಲ್ಲ.

ಆ ಸಂಗೀತಗಾರರು ಟಾಡ್ ಮ್ಯಾಕೋವರ್. ಅವರು ಚೆಲ್ಲೊ ವಾದಕರು. ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ಸಂಗೀತ ರಚನೆಯನ್ನು ಕಲಿತು, ಪ್ಯಾರಿಸ್ಸಿನ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿ, 1985ರಲ್ಲಿ ಮೀಡಿಯಾ ಲ್ಯಾಬನ್ನು ಸೇರಿದರು. ವಾದಕನ ಕೈಚಲನೆಯನ್ನು ಗ್ರಹಿಸಿ ನಾದವನ್ನು ವಿಸ್ತರಿಸುವ ವಾದ್ಯಗಳನ್ನು ಅವರ ತಂಡ ರೂಪಿಸಿತು. ಸ್ವರಲಿಪಿಯನ್ನು ಅರಿಯದ ಮಕ್ಕಳು ಗೆರೆ ಮತ್ತು ಬಣ್ಣಗಳಿಂದಲೇ ಸಂಗೀತ ರಚಿಸಬಲ್ಲ ‘ಹೈಪರ್‌ಸ್ಕೋರ್’ ಎಂಬ ತಂತ್ರಾಂಶವೂ ಅಲ್ಲಿಯೇ ಹುಟ್ಟಿತು. ಅದನ್ನು ಆಸ್ಪತ್ರೆಯ ರೋಗಿಗಳೂ ಬಳಸಿದರು. ತಂತ್ರಾಂಶವನ್ನು ಬರೆಯುವುದನ್ನು ಇಂಜಿನಿಯರ್ ಬಲ್ಲನು. ಆದರೆ ಸಂಗೀತ ಕಲಿಯದವನಿಗೆ ಸಂಗೀತ ಎಲ್ಲಿ ಕಠಿಣವಾಗುತ್ತದೆ ಎಂಬುದನ್ನು ಹೇಳಬಲ್ಲವರು ಜೀವಮಾನವಿಡೀ ಸಂಗೀತದಲ್ಲಿ ದುಡಿದವರು.

ಮ್ಯೂರಿಯಲ್ ಕೂಪರ್ ಅವರದು ಮುದ್ರಣ ಮತ್ತು ಪುಸ್ತಕ ವಿನ್ಯಾಸದ ಕಾಯಕ. ಎಂಐಟಿ ಪ್ರೆಸ್‌ನ ಮೊದಲ ವಿನ್ಯಾಸ ನಿರ್ದೇಶಕಿಯಾಗಿದ್ದ ಅವರು, ಸಾಲಾಗಿ ನಿಂತ ಪುಸ್ತಕಗಳನ್ನು ನೆನಪಿಸುವ ಗೆರೆಗಳ ಲಾಂಛನವೊಂದನ್ನು ಆ ಪ್ರಕಾಶನಕ್ಕೆ ರೂಪಿಸಿಕೊಟ್ಟರು. ಅದು ಇಂದಿಗೂ ಬಳಕೆಯಲ್ಲಿದೆ. ಕಾಗದದ ಮೇಲಿನ ಅಕ್ಷರವನ್ನು ಬಹುಕಾಲ ಧ್ಯಾನಿಸಿದ ಆಕೆ, ಪರದೆಯ ಮೇಲಿನ ಅಕ್ಷರ ಹೇಗಿರಬೇಕು ಎಂಬ ಪ್ರಶ್ನೆಯನ್ನು ಮೀಡಿಯಾ ಲ್ಯಾಬಿಗೆ ತಂದರು. 1994ರಲ್ಲಿ, ತಾವು ನಿಧನರಾದ ವರ್ಷವೇ, ಅಕ್ಷರಗಳು ಮೂರು ಆಯಾಮಗಳ ಅವಕಾಶದಲ್ಲಿ ತೇಲುವ, ಓದುಗನು ಅವುಗಳ ನಡುವೆ ಸಂಚರಿಸಬಲ್ಲ ಹೊಸ ಪುಟವಿನ್ಯಾಸವನ್ನು ಅವರು ಲೋಕಕ್ಕೆ ತೋರಿಸಿದರು.

ದಕ್ಷಿಣ ಆಫ್ರಿಕದಲ್ಲಿ 1928ರಲ್ಲಿ ಜನಿಸಿದ ಸೆಮೋರ್ ಪ್ಯಾಪರ್ಟ್ ಗಣಿತದಲ್ಲಿ ಎರಡು ಡಾಕ್ಟರೇಟ್ ಪಡೆದವರು. ಅನಂತರ ಅವರು ಜಿನೀವಾ ನಗರಕ್ಕೆ ಹೋಗಿ, ಮಕ್ಕಳ ಮನಸ್ಸು ಹೇಗೆ ಬೆಳೆಯುತ್ತದೆ ಎಂಬುದನ್ನು ಅಧ್ಯಯನ ಮಾಡುತ್ತಿದ್ದ ಜೀನ್ ಪಿಯಾಜೆಯವರ ಬಳಿ ಕೆಲವು ವರ್ಷ ದುಡಿದರು. ಗಣಿತಜ್ಞನೊಬ್ಬ ಮಕ್ಕಳ ಮನಸ್ಸನ್ನು ಅರಿಯಲು ಹೊರಟುದರ ಫಲವೇ 1967ರಲ್ಲಿ ಅವರು ತಮ್ಮ ಜೊತೆಗಾರರೊಡನೆ ರೂಪಿಸಿದ ‘ಲೋಗೊ’ ಎಂಬ, ಮಕ್ಕಳಿಗಾಗಿಯೇ ಇರುವ ಕಂಪ್ಯೂಟರ್ ಭಾಷೆ. ಪ್ಯಾಪರ್ಟ್ ಅವರ ಆಲೋಚನೆಯನ್ನು ಮುಂದುವರಿಸಿದ ಮಿಚೆಲ್ ರೆಸ್ನಿಕ್ ಭೌತವಿಜ್ಞಾನದ ಪದವೀಧರರು. ಅವರು ಕೆಲವು ವರ್ಷ ‘ಬಿಸಿನೆಸ್ ವೀಕ್’ ಪತ್ರಿಕೆಯ ವರದಿಗಾರರಾಗಿದ್ದು, ಬಳಿಕ ಎಂಐಟಿಯಲ್ಲಿ ಕಂಪ್ಯೂಟರ್ ವಿಜ್ಞಾನದ ಡಾಕ್ಟರೇಟ್ ಪಡೆದರು. ಅವರ ತಂಡ 2007ರಲ್ಲಿ ಬಿಡುಗಡೆ ಮಾಡಿದ ‘ಸ್ಕ್ರ್ಯಾಚ್’ ಇಂದು ನಮ್ಮ ನಾಡಿನ ಅನೇಕ ಶಾಲೆಗಳಲ್ಲಿಯೂ ಮಕ್ಕಳ ಬಳಕೆಯಲ್ಲಿದೆ. ಕಠಿಣ ವಿಷಯವನ್ನು ಸಾಮಾನ್ಯ ಓದುಗನಿಗೆ ತಿಳಿಯಹೇಳುವ ಪತ್ರಕರ್ತನ ಅಭ್ಯಾಸಕ್ಕೂ, ಮಗುವಿಗೆ ಅರ್ಥವಾಗುವ ಕಂಪ್ಯೂಟರ್ ಭಾಷೆಗೂ ಸಂಬಂಧವಿದೆ ಎಂದೇ ನಾವು ಭಾವಿಸುತ್ತೇವೆ.

ಹ್ಯೂ ಹರ್ ಅವರ ಜೀವನವು ಇವೆಲ್ಲಕ್ಕಿಂತ ಭಿನ್ನವಾದುದು. 1982ರಲ್ಲಿ, ತಮ್ಮ 17ನೆಯ ವಯಸ್ಸಿನಲ್ಲಿ, ಪರ್ವತಾರೋಹಣಕ್ಕೆ ಹೋದ ಅವರು ಮೌಂಟ್ ವಾಷಿಂಗ್ಟನ್ ಬೆಟ್ಟದಲ್ಲಿ ಹಿಮಗಾಳಿಗೆ ಸಿಲುಕಿದರು. ಶೀತದಿಂದ ಕೊಳೆತ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಅವರನ್ನು ಹುಡುಕಲು ಹೊರಟ ಸ್ವಯಂಸೇವಕರೊಬ್ಬರು ಹಿಮಕುಸಿತದಲ್ಲಿ ಪ್ರಾಣ ಕಳೆದುಕೊಂಡರು. ಕಾರ್ಯಾಗಾರದ ಕೆಲಸ ಬಲ್ಲವರಾಗಿದ್ದ ಹರ್, ಬಂಡೆಯ ಕಿರಿದಾದ ಅಂಚಿನ ಮೇಲೆ ನಿಲ್ಲಬಲ್ಲ ಕೃತಕ ಪಾದಗಳನ್ನು ತಾವೇ ಮಾಡಿಕೊಂಡು ಮತ್ತೆ ಬೆಟ್ಟ ಹತ್ತಿದರು. ಅಲ್ಲಿಯವರೆಗೆ ಓದಿನಲ್ಲಿ ಆಸಕ್ತಿಯಿಲ್ಲದಿದ್ದ ಆ ತರುಣ ಭೌತವಿಜ್ಞಾನ ಓದಿ, ಎಂಐಟಿಯಲ್ಲಿ ಯಂತ್ರಶಾಸ್ತ್ರದ ಸ್ನಾತಕೋತ್ತರ ಪದವಿಯನ್ನೂ, ಹಾರ್ವರ್ಡ್‌ನಲ್ಲಿ ಜೈವಿಕ ಭೌತವಿಜ್ಞಾನದ ಡಾಕ್ಟರೇಟನ್ನೂ ಪಡೆದರು. ಮೀಡಿಯಾ ಲ್ಯಾಬಿನಲ್ಲಿ ಅವರು ರೂಪಿಸಿದ ವಿದ್ಯುಚ್ಚಾಲಿತ ಪಾದಗಳನ್ನು ತಾವೂ ಧರಿಸಿ ನಡೆಯುತ್ತಾರೆ. ಇಲ್ಲಿ ನೋವೇ ಮೊದಲ ಗುರುವಾಯಿತು. ಪದವಿಗಳು ಅದರ ಹಿಂದೆ ಬಂದವು.

ನಮ್ಮ ನೆರೆಯ ಮಹಾರಾಷ್ಟ್ರದ ನಾಸಿಕದವರಾದ ರಮೇಶ್ ರಾಸ್ಕರ್ ಅವರ ಹೆಸರನ್ನೂ ಇಲ್ಲಿ ಹೇಳಬೇಕು. ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, ಅಮೆರಿಕದ ನಾರ್ತ್ ಕ್ಯಾರೊಲಿನ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಅವರು, ಬೆಳಕು ಚಲಿಸುವುದನ್ನೇ ಚಿತ್ರಿಸಬಲ್ಲ ಛಾಯಾಗ್ರಹಣದಿಂದ ಹೆಸರಾದವರು. ಮೊಬೈಲ್ ಫೋನಿಗೆ ಚಿಕ್ಕದೊಂದು ಮಸೂರ ಜೋಡಿಸಿ ಕಣ್ಣಿನ ದೃಷ್ಟಿದೋಷವನ್ನು ಅಳೆಯುವ ‘ನೇತ್ರ’ ಸಾಧನವೂ ಅವರ ತಂಡದ್ದೇ. 2015ರ ನಾಸಿಕ ಕುಂಭಮೇಳದ ಸಂದರ್ಭದಲ್ಲಿ ಜನಸಂದಣಿ, ಆರೋಗ್ಯ, ವಸತಿ ಮುಂತಾದ ಸಮಸ್ಯೆಗಳಿಗೆ ಪರಿಹಾರ ಹುಡುಕಲು ಅವರು ಸ್ಥಳೀಯ ತರುಣರನ್ನು ಕೂಡಿಸಿ ‘ಕುಂಭಥಾನ್’ ಎಂಬ ಕಾರ್ಯಶಿಬಿರಗಳನ್ನು ನಡೆಸಿದರು. ಜಾತ್ರೆಗಳನ್ನು ನಡೆಸುವ ಮಠಮಾನ್ಯಗಳಿಗೆ ಇದು ಗಮನಿಸತಕ್ಕ ಸಂಗತಿ.

ಈ ಗುರುಗಳ ಹಿನ್ನೆಲೆಯನ್ನು ಒಟ್ಟಾಗಿ ನೋಡಿದಾಗ ತಿಳಿಯುವುದೇನು? ಇವರಲ್ಲಿ ಯಾರೂ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಲ್ಲವರಲ್ಲ. ಪ್ರತಿಯೊಬ್ಬರೂ ಒಂದು ವಿದ್ಯೆಯನ್ನು, ಒಂದು ಕಸುಬನ್ನು ಆಳವಾಗಿ ಸಾಧಿಸಿದವರು. ಆ ಸಾಧನೆಯ ನಡುವೆ, ತಮ್ಮ ವಿದ್ಯೆಯೊಂದರಿಂದಲೇ ಬಿಡಿಸಲಾಗದ ಪ್ರಶ್ನೆಯೊಂದು ಎದುರಾದಾಗ ಅವರು ಪಕ್ಕದ ವಿದ್ಯೆಯ ಬಾಗಿಲು ತಟ್ಟಿದರು. ವಿದ್ಯಾರ್ಥಿಗಳು ಕಲಿಯುವುದೂ ಇದೇ ಮಾರ್ಗದಲ್ಲಿ. ಅಲ್ಲಿ ಪ್ರವೇಶ ಪಡೆಯುವವರು ಒಬ್ಬ ಗುರುವಿನ ಸಂಶೋಧನಾ ತಂಡಕ್ಕೆ ಸೇರಿ, ಆ ತಂಡದ ಕೆಲಸದಲ್ಲಿ ಕೈಜೋಡಿಸಿ ಕಲಿಯುತ್ತಾರೆ. ಬೋಧನಾ ಶುಲ್ಕವನ್ನು ಸಂಸ್ಥೆಯೇ ಭರಿಸಿ, ಜೀವನ ನಿರ್ವಹಣೆಗೆ ಸಹಾಯಧನವನ್ನೂ ಕೊಡುತ್ತದೆ. ವಿದೇಶದ ಬಹುಪಾಲು ಸ್ನಾತಕೋತ್ತರ ಪದವಿಗಳಲ್ಲಿ ಈ ಅನುಕೂಲ ಇಲ್ಲವೆಂಬುದನ್ನು ಸಾಲಕ್ಕೆ ಸಹಿ ಹಾಕುವ ಮುನ್ನ ತಂದೆತಾಯಿಗಳು ನೆನಪಿಡಬೇಕು.

ಶರಣ ಪರಂಪರೆಯವರಾದ ನಮಗೆ ಈ ಬಗೆಯ ಕೂಟದ ಕಲ್ಪನೆ ಅಪರಿಚಿತವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗರ ಚೌಡಯ್ಯನವರು ದೋಣಿ ನಡೆಸುವವರು, ಮಡಿವಾಳ ಮಾಚಿದೇವರು ಬಟ್ಟೆ ಮಡಿ ಮಾಡುವವರು, ಮೇದಾರ ಕೇತಯ್ಯನವರು ಬಿದಿರಿನ ಕಸುಬಿನವರು, ನುಲಿಯ ಚಂದಯ್ಯನವರು ಹಗ್ಗ ಹೊಸೆಯುವವರು. ಶೂನ್ಯಪೀಠವನ್ನು ಅಲಂಕರಿಸಿದ ಅಲ್ಲಮಪ್ರಭುಗಳು ಮದ್ದಳೆ ನುಡಿಸುವ ವಿದ್ಯೆಯಲ್ಲಿ ನಿಪುಣರಾಗಿದ್ದರೆಂದು ಕವಿ ಹರಿಹರನ ರಗಳೆ ಚಿತ್ರಿಸುತ್ತದೆ. ಅಮೆರಿಕದ ಪ್ರಯೋಗಾಲಯವು ಅನುಭವ ಮಂಟಪದಿಂದ ಹುಟ್ಟಿತೆಂದು ನಾವು ಹೇಳಹೊರಟಿಲ್ಲ. ಅವೆರಡರ ಗುರಿಯೂ ಬೇರೆ, ಕಾಲವೂ ಬೇರೆ. ಶರಣರು ಅರಸಿದ್ದು ಅರಿವಿನ ಪೂರ್ಣತೆಯನ್ನು. ಆದರೆ ಕೈಯಿಂದ ದುಡಿದವನ ಅನುಭವವೂ ಜ್ಞಾನವೇ, ಅದಕ್ಕೆ ಸಭೆಯಲ್ಲಿ ಸಮಾನ ಸ್ಥಾನವಿದೆ ಎಂಬ ಮಾತನ್ನು ಒಪ್ಪಿದ ಸಮಾಜಕ್ಕೆ, ಸಂಗೀತಗಾರನೂ ವಿನ್ಯಾಸಕಿಯೂ ಕಂಪ್ಯೂಟರ್ ತಜ್ಞರೊಡನೆ ಸರಿಸಮನಾಗಿ ಕುಳಿತಿರುವುದು ವಿಚಿತ್ರವಾಗಿ ಕಾಣಬಾರದು.

ಇನ್ನು ಈ ನಿದರ್ಶನದ ಮತ್ತೊಂದು ಮುಖವನ್ನೂ ಹೇಳದೆ ಇರಲಾಗದು. 2011ರಲ್ಲಿ ಮೀಡಿಯಾ ಲ್ಯಾಬಿನ ನಿರ್ದೇಶಕರಾಗಿ ಬಂದ ಜೋಯಿ ಇಟೊ ಅವರಿಗೆ ಆಗ ಯಾವ ಕಾಲೇಜು ಪದವಿಯೂ ಇರಲಿಲ್ಲ. ಉದ್ಯಮ ಮತ್ತು ಅಂತರಜಾಲದ ಅನುಭವವನ್ನು ನೋಡಿ ಅವರನ್ನು ಆರಿಸಲಾಯಿತು. ಆ ಆಯ್ಕೆಯನ್ನು ಲೋಕ ಮೆಚ್ಚಿತು. ಆದರೆ ಅಪ್ರಾಪ್ತ ಬಾಲಕಿಯ ಶೋಷಣೆಗೆ ಸಂಬಂಧಿಸಿದ ಅಪರಾಧಕ್ಕಾಗಿ 2008ರಲ್ಲಿ ಶಿಕ್ಷೆಗೊಳಗಾಗಿದ್ದ ಜೆಫ್ರಿ ಎಪ್‌ಸ್ಟೀನ್ ಎಂಬ ಧನಿಕನಿಂದ ಸಂಸ್ಥೆಯು ದೇಣಿಗೆ ಪಡೆದಿತ್ತೆಂಬುದು ಬಯಲಾಗಿ, 2019ರ ಸೆಪ್ಟೆಂಬರಿನಲ್ಲಿ ಇಟೊ ರಾಜೀನಾಮೆ ನೀಡಿದರು. ಆ ವ್ಯಕ್ತಿ 2002ರಿಂದ 2017ರವರೆಗೆ 10 ಬಾರಿ, ಒಟ್ಟು 8,50,000 ಡಾಲರ್ ಹಣವನ್ನು ಎಂಐಟಿಗೆ ನೀಡಿದ್ದನೆಂದು ವಿಶ್ವವಿದ್ಯಾಲಯವು ಮಾಡಿಸಿದ ತನಿಖೆಯ ವರದಿ 2020ರ ಜನವರಿಯಲ್ಲಿ ತಿಳಿಸಿತು. ಅದರ ಬಹುಪಾಲು ಬಂದದ್ದು ಶಿಕ್ಷೆಯ ನಂತರವೇ.

ಅದೇ ಸಂಸ್ಥೆಯಲ್ಲಿ ಈಥನ್ ಜಕರ್‌ಮನ್ ಎಂಬ ಬೋಧಕರಿದ್ದರು. ತತ್ತ್ವಶಾಸ್ತ್ರದ ಪದವಿ ಪಡೆದು, ಆಫ್ರಿಕದ ಘಾನಾ ದೇಶಕ್ಕೆ ಹೋಗಿ ತಾಳವಾದ್ಯ ಕಲಿತು, ಬಳಿಕ ಅಂತರಜಾಲದ ಕ್ಷೇತ್ರಕ್ಕೆ ಬಂದವರು. ಈ ದೇಣಿಗೆಯ ವಿಷಯ ತಿಳಿದಾಗ, ಇಂತಹ ಹಣದ ನೆರಳಿನಲ್ಲಿ ಸಮಾಜ ನ್ಯಾಯದ ಕೆಲಸ ಮಾಡಲಾಗದೆಂದು ತಾವು ಸಂಸ್ಥೆಯನ್ನು ಬಿಡುವುದಾಗಿ 2019ರ ಆಗಸ್ಟಿನಲ್ಲಿ ಪ್ರಕಟಿಸಿದರು. ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದು ದಾಸೋಹಕ್ಕೆ ಸಲ್ಲದೆಂದು ಲಕ್ಕಮ್ಮನವರು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು ಭಕ್ತರೆಲ್ಲರೂ ಬಲ್ಲರು. ದಾಸೋಹದ ಉದ್ದೇಶ ಎಷ್ಟೇ ಪವಿತ್ರವಾಗಿದ್ದರೂ ಬಂದ ಅಕ್ಕಿಯ ಮೂಲವನ್ನು ಕೇಳಬೇಕೆಂಬುದು ಆ ತಾಯಿಯ ನಿಲುವು. ಬೋಧಕರ ಹಿನ್ನೆಲೆ ಎಂದರೆ ಪದವಿಗಳ ಸಾಲು ಮಾತ್ರವಾಗದೆ, ಅವರ ಆಚಾರವೂ ಅದರಲ್ಲಿ ಸೇರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಮಠಗಳೂ ಮಠಗಳ ವಿದ್ಯಾಸಂಸ್ಥೆಗಳೂ ದೇಣಿಗೆಯಿಂದಲೇ ನಡೆಯುವುದರಿಂದ ಈ ಪಾಠ ನಮಗೂ ಅನ್ವಯಿಸುತ್ತದೆ.

ಇನ್ನೊಂದು ಸಂಗತಿ ನೇರವಾಗಿ ನಮ್ಮ ದೇಶಕ್ಕೆ ಸಂಬಂಧಿಸಿದ್ದು. 2001ರಲ್ಲಿ ಭಾರತ ಸರ್ಕಾರವು ಎಂಐಟಿಯ ಸಹಯೋಗದಲ್ಲಿ ‘ಮೀಡಿಯಾ ಲ್ಯಾಬ್ ಏಷ್ಯಾ’ ಎಂಬ ಸಂಸ್ಥೆಯನ್ನು ಆರಂಭಿಸಿತು. 2003ರಲ್ಲಿಯೇ ಆ ಸಹಯೋಗ ಮುರಿಯಿತು. ಸಂಸ್ಥೆ ಸರ್ಕಾರದ ಆಶ್ರಯದಲ್ಲಿ ಮುಂದುವರಿದು, 2017ರಲ್ಲಿ ‘ಡಿಜಿಟಲ್ ಇಂಡಿಯಾ ಕಾರ್ಪೊರೇಷನ್’ ಎಂಬ ಹೊಸ ಹೆಸರನ್ನು ಪಡೆಯಿತು. ಹೆಸರನ್ನು ತರುವುದು ಸುಲಭ. ಹಲವು ವರ್ಷ ಒಂದೇ ಸೂರಿನಡಿ ದುಡಿದು ಪರಸ್ಪರರ ಭಾಷೆಯನ್ನು ಕಲಿತ ಗುರುಗಳ ಕೂಟವನ್ನು ತರುವುದು ಸುಲಭವಲ್ಲ. ಅದನ್ನು ಆಯಾ ನೆಲದಲ್ಲಿಯೇ ಬೆಳೆಸಬೇಕಾಗುತ್ತದೆ.

ಹಾಗೆ ಬೆಳೆಸುವ ಅವಕಾಶ ಇಂದು ನಮ್ಮಲ್ಲಿಯೂ ಇದೆ. ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು ತಂತ್ರಜ್ಞಾನವನ್ನೂ ಸಮಾಜವಿಜ್ಞಾನವನ್ನೂ ಬೆಸೆದು ‘ಡಿಜಿಟಲ್ ಸೊಸೈಟಿ’ ಎಂಬ ಸ್ನಾತಕೋತ್ತರ ಪದವಿಯನ್ನು ರೂಪಿಸಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆಗೆ ಮಾರ್ಗಸೂಚಿಗಳನ್ನು ಹೊರಡಿಸಿತು. ಅದರಂತೆ, ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷಗಳ ಅನುಭವವುಳ್ಳ ಪರಿಣತರನ್ನು, ಪಿಎಚ್.ಡಿ. ಮೊದಲಾದ ಪದವಿಗಳಿಲ್ಲದಿದ್ದರೂ, ಮಂಜೂರಾದ ಹುದ್ದೆಗಳ ಶೇಕಡ 10ರ ಮಿತಿಯೊಳಗೆ ಬೋಧಕರನ್ನಾಗಿ ತೆಗೆದುಕೊಳ್ಳಬಹುದು. ಅವಧಿ ಗರಿಷ್ಠ 4 ವರ್ಷ. ನೇಕಾರಿಕೆಯನ್ನು ಬಲ್ಲವರು, ಶಿಲ್ಪಿಗಳು, ಅನುಭವಿ ಪತ್ರಕರ್ತರು ತರಗತಿಯಲ್ಲಿ ಗುರುಸ್ಥಾನದಲ್ಲಿ ನಿಲ್ಲಲು ಈ ನಿಯಮ ದಾರಿ ಮಾಡಿಕೊಟ್ಟಿದೆ. ನಮ್ಮ ಸಮಾಜದ ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳು ಹೊಸ ಪದವಿಯನ್ನು ತೆರೆಯುವಾಗ ಇರುವ ಕಂಪ್ಯೂಟರ್ ವಿಭಾಗಕ್ಕೆ ಹೊಸ ಫಲಕ ತೂಗುಹಾಕುವ ಬದಲು ಈ ಅವಕಾಶವನ್ನು ಬಳಸಿಕೊಳ್ಳಬೇಕೆಂಬುದು ನಮ್ಮ ವಿನಂತಿ.

ಇನ್ನು ತಂದೆತಾಯಿಗಳು ಮಾಡಬೇಕಾದುದೇನು? ಬೋಧಕರ ಪಟ್ಟಿಯನ್ನು ಮಗ ಅಥವಾ ಮಗಳ ಜೊತೆ ಕುಳಿತು ಓದಿರಿ. ಪ್ರತಿ ಹೆಸರಿನ ಮುಂದೆ ಇರುವ ಪದವಿಗಳಿಗಿಂತ, ಅವರು ಈವರೆಗೆ ಮಾಡಿದ ಕೆಲಸವೇನು, ಅದು ಯಾರಿಗೆ ಉಪಯೋಗವಾಯಿತು ಎಂಬುದನ್ನು ಹುಡುಕಿರಿ. ಬೇರೆಬೇರೆ ಹಿನ್ನೆಲೆಯ ಇಬ್ಬರು ಬೋಧಕರು ಸೇರಿ ಪಾಠ ಮಾಡಿದ, ಸಂಶೋಧನೆ ನಡೆಸಿದ ನಿದರ್ಶನವಿದೆಯೇ ಎಂದು ಕೇಳಿರಿ. ಇಲ್ಲವಾದರೆ ಆ ಪಟ್ಟಿ ಬರಿಯ ಪ್ರದರ್ಶನವಾಗಿರಬಹುದು. ದೊಡ್ಡ ಹೆಸರಿನವರು ವರ್ಷಕ್ಕೊಮ್ಮೆ ಬಂದು ಹೋಗುವ ಅತಿಥಿಗಳೋ, ನಿತ್ಯವೂ ವಿದ್ಯಾರ್ಥಿಗಳಿಗೆ ಸಿಗುವವರೋ ಎಂಬುದನ್ನು ಅಲ್ಲಿ ಓದಿ ಬಂದವರಿಂದ ತಿಳಿಯಿರಿ. ಶುಲ್ಕ ಎಷ್ಟು, ವಿದ್ಯಾರ್ಥಿವೇತನ ಉಂಟೇ, ಹಿಂದಿನ ವಿದ್ಯಾರ್ಥಿಗಳು ಈಗ ಏನು ಮಾಡುತ್ತಿದ್ದಾರೆ ಎಂಬುದನ್ನೂ ಸಂಕೋಚವಿಲ್ಲದೆ ವಿಚಾರಿಸಿರಿ.

ಕೊನೆಯದಾಗಿ, ಮಕ್ಕಳಿಗೂ ಒಂದು ಮಾತು. ಅಂತರ್‌ಶಿಸ್ತೀಯ ಎಂಬ ಹೆಸರಿಗೆ ಮರುಳಾಗಿ, ಮೊದಲು ಹಿಡಿದ ವಿದ್ಯೆಯನ್ನು ಅರ್ಧಕ್ಕೆ ಬಿಡಬಾರದು. ಮೇಲೆ ಹೇಳಿದ ಗುರುಗಳೆಲ್ಲರೂ ಒಂದು ಬಾವಿಯನ್ನು ನೀರು ಬರುವತನಕ ತೋಡಿದ ಮೇಲೆಯೇ ನೆರೆಯವನ ಬಾವಿಯ ನೀರಿನ ರುಚಿ ನೋಡಿದವರು. ನೀವು ಕಲಿಯುತ್ತಿರುವುದು ಕನ್ನಡ ಸಾಹಿತ್ಯವಾಗಲಿ, ಕೃಷಿಯಾಗಲಿ, ಸಂಗೀತವಾಗಲಿ, ಗಣಿತವಾಗಲಿ, ಅದನ್ನು ನಿಷ್ಠೆಯಿಂದ ಕಲಿಯಿರಿ. ಡಿಜಿಟಲ್ ಲೋಕಕ್ಕೆ ನೀವು ಕೊಂಡೊಯ್ಯಬಲ್ಲ ಕಾಣಿಕೆ ಅದೇ. ನಿಮಗೆ ಪಾಠ ಹೇಳುವ ಗುರುಗಳಲ್ಲಿ ಅರಿವು ಮತ್ತು ಆಚಾರ ಎರಡನ್ನೂ ಹುಡುಕಿರಿ. ನಾಳೆ ನೀವೇ ಆ ಸ್ಥಾನದಲ್ಲಿ ನಿಂತಾಗ ನಿಮ್ಮಲ್ಲಿಯೂ ಅವೆರಡನ್ನು ಬಯಸುವ ಶಿಷ್ಯರಿರುತ್ತಾರೆ.